ಟ್ರೇಲರ್ ಬೋಟಿನ ತಳದ ಹಳೆ ಪೇಂಟ್ ತೆಗೆಯಲು ಯಾವುದಕ್ಕೆ ದುಡ್ಡು ಹಾಕಬೇಕು?

ಅಮೆರಿಕದಲ್ಲಿ ಸೆಕೆಂಡ್‌ಹ್ಯಾಂಡ್ ಬೋಟ್ ಹುಡುಕುವವರ ಕಣ್ಣಿಗೆ ಒಂದು ಬಗೆಯ ಜಾಹೀರಾತು ಪದೇ ಪದೇ ಬೀಳುತ್ತದೆ. 18-20 ಅಡಿಯ ಫೈಬರ್‌ಗ್ಲಾಸ್ ಬೋಟ್, ಟ್ರೇಲರ್ ಸಮೇತ, ಎಂಜಿನ್ ಚೆನ್ನಾಗಿದೆ, ಬೆಲೆಯೂ ಕಡಿಮೆ. ತಳದಲ್ಲಿ ಮಾತ್ರ ನೀಲಿಯೋ ಕಪ್ಪೋ ಪೇಂಟ್ ಚಕ್ಕೆ ಎದ್ದು ನಿಂತಿದೆ. ಹಿಂದಿನ ಮಾಲೀಕರು ಬೋಟನ್ನು ಮರೀನಾದ ನೀರಿನಲ್ಲೇ ಕಟ್ಟಿಡುತ್ತಿದ್ದರು ಎಂದು ಆ ಪೇಂಟೇ ಹೇಳುತ್ತದೆ. ಪಾಚಿ, ಬಾರ್ನಕಲ್ (ತಳಕ್ಕೆ ಅಂಟಿಕೊಳ್ಳುವ ಚಿಪ್ಪಿನ ಜೀವಿ) ಹಿಡಿಯದಿರಲೆಂದು ತಾಮ್ರದ ಆಕ್ಸೈಡ್ ಬೆರೆಸಿ ಮಾಡುವ ಆಂಟಿಫೌಲಿಂಗ್ ಪೇಂಟ್ ಅದು. ವಾರಾಂತ್ಯಕ್ಕೆ ಕೆರೆಗಿಳಿಸಿ ಸಂಜೆಗೆ ಮನೆಗೆ ಎಳೆದು ತರುವ ಬೋಟಿಗೆ ಅದು ಬೇಕಾಗಿಲ್ಲ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಬಿಡುವಿನಲ್ಲಿ ಬೋಟುಗಳ ತಳಕ್ಕೆ ಹೊಸ ಬಣ್ಣ ಬಳಿಯುವುದಕ್ಕೆ ಅರ್ಥವಿದೆ, ಏಕೆಂದರೆ ಆಗಸ್ಟ್‌ನಿಂದ ಅವು ಉಪ್ಪುನೀರಿನಲ್ಲೇ ಇರುತ್ತವೆ. ಟ್ರೇಲರ್ ಬೋಟಿನ ಲೆಕ್ಕವೇ ಬೇರೆ. ಅಲ್ಲಿ ಆ ಬಣ್ಣ ಬೋಟಿನ ತಳ ಕೂರುವ ಟ್ರೇಲರಿನ ಬಂಕ್ ಹಲಗೆಗೆ ಉಜ್ಜಿ ಹೋಗುತ್ತದೆ, ಮುಟ್ಟಿದವರ ಕೈಗೂ ಬಟ್ಟೆಗೂ ಅಂಟುತ್ತದೆ, ತಳವನ್ನು ಒರಟು ಮಾಡಿ ವೇಗವನ್ನೂ ಪೆಟ್ರೋಲನ್ನೂ ತಿನ್ನುತ್ತದೆ.

ಹಾಗೆಂದು ಎಲ್ಲ ಪೇಂಟನ್ನೂ ಕಿತ್ತೇ ತೀರಬೇಕೆಂದಿಲ್ಲ. ಗಟ್ಟಿಯಾಗಿ ಅಂಟಿಕೊಂಡಿದ್ದು, ನುಣುಪಾಗಿದ್ದು, ನೋಡಲು ಬೇಸರವಾಗದಿದ್ದರೆ ತೊಳೆದು ಹಾಗೇ ಬಿಡಿ. ಚಕ್ಕೆ ಏಳುತ್ತಿದ್ದರೆ ಅಥವಾ ಬಣ್ಣ ಕೈಗೆ ಬರುತ್ತಿದ್ದರೆ ಮಾತ್ರ ಮುಂದಿನದನ್ನು ಓದಿ. ಕೆರೆಯುವ ಉಪಕರಣ (ಸ್ಕ್ರೇಪರ್), ಉಜ್ಜುವ ಯಂತ್ರ (ಸ್ಯಾಂಡರ್), ಪೇಂಟ್ ರಿಮೂವರ್, ಸೋಡಾ ಬ್ಲಾಸ್ಟಿಂಗ್ ಸೇವೆ ಇವುಗಳಲ್ಲಿ ಯಾವುದು ಯಾವ ಬೋಟಿಗೆ ತಕ್ಕುದು ಎಂಬುದೇ ಈ ವಿಮರ್ಶೆಯ ವಿಷಯ. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಬಹುಪಾಲು ಟ್ರೇಲರ್ ಬೋಟುಗಳಿಗೆ ಒಂದು ಒಳ್ಳೆಯ ಕಾರ್ಬೈಡ್ ಸ್ಕ್ರೇಪರ್, ಅದರ ಹಿಂದೆ ವ್ಯಾಕ್ಯೂಮ್ ಜೋಡಿಸಿದ ಸ್ಯಾಂಡರ್ ಸಾಕು. ರಾಸಾಯನಿಕಕ್ಕೆ ಮೊದಲ ಜಾಗ ಕೊಡಬೇಡಿ.

ಮೊದಲು ಪೇಂಟ್ ಯಾವುದೆಂದು ತಿಳಿಯಿರಿ

ಒದ್ದೆ ಬಟ್ಟೆಯಿಂದ ಜೋರಾಗಿ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ದಟ್ಟವಾಗಿ ಬಂದರೆ ಅದು ಅಬ್ಲೇಟಿವ್, ಅಂದರೆ ನೀರಿನಲ್ಲಿ ಸ್ವಲ್ಪಸ್ವಲ್ಪವೇ ಸವೆಯುತ್ತ ಒಳಗಿನ ಹೊಸ ತಾಮ್ರವನ್ನು ಹೊರಗೆ ತರುವ ಜಾತಿ. ಇಂಟರ್‌ಲಕ್ಸ್ ಕಂಪನಿಯ ಮೈಕ್ರಾನ್ ಸಿಎಸ್‌ಸಿ ಈ ಗುಂಪಿನದು. ಇದು ಮೃದು, ಸ್ಕ್ರೇಪರಿಗೆ ಬೇಗ ಬಗ್ಗುತ್ತದೆ. ಬಟ್ಟೆಗೆ ಏನೂ ಬಾರದಿದ್ದರೆ ಅದು ಗಟ್ಟಿ ಪೇಂಟ್. ಪೆಟಿಟ್ ಕಂಪನಿಯ ಟ್ರಿನಿಡಾಡ್ ಇದಕ್ಕೆ ಚಿರಪರಿಚಿತ ಉದಾಹರಣೆ. ಇದರ ಬೈಂಡರ್, ಅಂದರೆ ಬಣ್ಣವನ್ನು ಹಿಡಿದಿಡುವ ಅಂಟು, ನೀರಿಗೆ ಕರಗುವುದಿಲ್ಲ, ತಾಮ್ರ ಮಾತ್ರ ಸೋರಿಹೋಗುತ್ತದೆ. ಹಾಗಾಗಿ ವರ್ಷವರ್ಷ ಬಳಿದ ಪದರಗಳು ಒಂದರ ಮೇಲೊಂದು ಪೇರಿಕೊಂಡು ಕೊನೆಗೆ ತಮ್ಮ ಭಾರಕ್ಕೇ ಬಿರಿಯುತ್ತವೆ. ಸೆಕೆಂಡ್‌ಹ್ಯಾಂಡ್ ಬೋಟುಗಳಲ್ಲಿ ದೊಡ್ಡ ದೊಡ್ಡ ಚಕ್ಕೆ ಏಳುವುದು ಹೆಚ್ಚಾಗಿ ಇದರಿಂದಲೇ.

ತಾಮ್ರದ ಬಣ್ಣದ, ಕಾಗದಕ್ಕಿಂತ ತೆಳುವಾದ ಪದರ ಕಂಡರೆ ಅದು ವಿಸಿ 17 ಆಗಿರಬಹುದು. ಸಿಹಿನೀರಿನ ದೊಡ್ಡ ಸರೋವರಗಳ ಕಡೆಯ ಬೋಟುಗಳಲ್ಲಿ ಇದು ಸಾಮಾನ್ಯ. ಇದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ: ಅದರದೇ ಥಿನ್ನರ್ ಅಥವಾ ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಬರುತ್ತದೆ. ಬಟ್ಟೆ ಆಗಾಗ ಬದಲಿಸಬೇಕು, ಇಲ್ಲವಾದರೆ ತಾಮ್ರದ ಪುಡಿಯನ್ನು ಇಲ್ಲಿಂದ ಅಲ್ಲಿಗೆ ಹರಡಿದಂತಾಗುತ್ತದೆ. ಇದರ ಮೇಲೆ ಬೇರೆ ಪೇಂಟ್ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಅರೆಬರೆ ಬಿಡುವಂತಿಲ್ಲ.

ಇನ್ನೊಂದು ಪರೀಕ್ಷೆಯನ್ನು ಜನ ಮರೆಯುತ್ತಾರೆ. ಟ್ರಾನ್ಸಮ್ (ಬೋಟಿನ ಹಿಂಬದಿಯ ಚಪ್ಪಟೆ ಗೋಡೆ) ಹತ್ತಿರ, ಕಣ್ಣಿಗೆ ಬೀಳದ ಜಾಗದಲ್ಲಿ, ರೂಪಾಯಿ ನಾಣ್ಯದಷ್ಟು ಅಗಲವನ್ನು 220 ಗ್ರಿಟ್ (ಸಂಖ್ಯೆ ಹೆಚ್ಚಿದಷ್ಟೂ ನಯ) ಉಜ್ಜುಕಾಗದದಿಂದ ಇಳಿಜಾರಾಗಿ ಉಜ್ಜಿ. ಪದರಗಳು ಉಂಗುರಗಳಂತೆ ಒಂದೊಂದಾಗಿ ಕಾಣುತ್ತವೆ. ಹೊರಗೆ ನೀಲಿ, ಅದರೊಳಗೆ ಕಪ್ಪು, ಒಳಗಿನ ಕೊನೆಯದು ಬಿಳಿ ಜೆಲ್‌ಕೋಟ್, ಅಂದರೆ ಫೈಬರ್‌ಗ್ಲಾಸಿನ ಹೊರಮೈಯ ನುಣುಪು ಪದರ, ಆದರೆ ಸರಿ. ಜೆಲ್‌ಕೋಟಿಗೆ ಮುಂಚೆ ಬೂದು ಬಣ್ಣದ ಗಟ್ಟಿ ಪದರ ಸಿಕ್ಕರೆ ಅದು ಎಪಾಕ್ಸಿ ಬ್ಯಾರಿಯರ್ ಕೋಟ್ ಇರುವ ಸಾಧ್ಯತೆ ಹೆಚ್ಚು. ಅಲ್ಲಿಗೇ ನಿಲ್ಲಿಸಿ. ನೀರು ಫೈಬರ್‌ಗ್ಲಾಸಿಗೆ ಇಳಿಯದಂತೆ ಯಾರೋ ದುಡ್ಡು ಸುರಿದು ಹಾಕಿಸಿದ ರಕ್ಷೆ ಅದು, ಅದನ್ನು ಕೆರೆದು ತೆಗೆಯುವುದು ಶುದ್ಧ ನಷ್ಟ.

ಬೋಟ್ 1980ರ ದಶಕದ್ದೋ ಅದಕ್ಕೂ ಹಳೆಯದೋ ಆಗಿದ್ದರೆ ತಳದ ಪದರಗಳಲ್ಲಿ ತವರದ ಸಂಯುಕ್ತವಾದ ಟಿಬಿಟಿ ಇರಬಹುದು. ಅಮೆರಿಕ ಇದರ ಬಳಕೆಗೆ 1988ರಲ್ಲಿ ಕಾನೂನಿನ ಕಡಿವಾಣ ಹಾಕಿತು. ಅಂತಾರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ 2008ರಲ್ಲಿ ಜಾರಿಗೆ ಬಂತು. ಅಂಥ ಬೋಟನ್ನು ಒಣಗಿದ್ದಾಗ ಉಜ್ಜಲೇಬಾರದು. ತಾಮ್ರದ ಪೇಂಟಿನ ಧೂಳೂ ಶ್ವಾಸಕೋಶಕ್ಕೆ ಕೆಟ್ಟದ್ದೇ, ತವರದ್ದು ಇನ್ನೂ ಕೆಟ್ಟದ್ದು.

ಸ್ಕ್ರೇಪರ್: ಬಾಹ್ಕೊ 665

ಎರಡು ಕೈಯಲ್ಲಿ ಹಿಡಿದು ಎಳೆಯುವ, 65 ಮಿ.ಮೀ. ಅಗಲದ ಕಾರ್ಬೈಡ್ (ಉಕ್ಕಿಗಿಂತ ಗಟ್ಟಿಯಾದ ವಸ್ತು) ಅಲಗಿನ ಸ್ಕ್ರೇಪರ್ ಇದು. ತಲೆಯ ಮೇಲಿನ ಗುಂಡಿಯನ್ನು ಒಂದು ಕೈಯಿಂದ ಒತ್ತಿ, ಇನ್ನೊಂದು ಕೈಯಿಂದ ಹಿಡಿ ಎಳೆಯಬೇಕು. ಹಾರ್ಡ್‌ವೇರ್ ಅಂಗಡಿಯ ಉಕ್ಕಿನ ಸ್ಕ್ರೇಪರ್ ತಾಮ್ರದ ಪೇಂಟಿನ ಮೇಲೆ ಕೆಲವೇ ಎಳೆತಕ್ಕೆ ಮೊಂಡಾಗುತ್ತದೆ, ಮೊಂಡಾದಷ್ಟೂ ಜನ ಹೆಚ್ಚು ಒತ್ತುತ್ತಾರೆ, ಒತ್ತಿದಷ್ಟೂ ಜೆಲ್‌ಕೋಟಿಗೆ ಗೀರು ಬೀಳುತ್ತದೆ. ಕಾರ್ಬೈಡ್ ಬಹಳ ಹೊತ್ತು ಹರಿತವಾಗಿರುತ್ತದೆ, ಒಂದು ಅಂಚು ಸವೆದರೆ ತಿರುಗಿಸಿ ಹಾಕಬಹುದು.

ಪೆಟ್ಟಿಗೆಯಿಂದ ತೆಗೆದ ಕೂಡಲೇ ಬಳಸುವಂತಿಲ್ಲ ಎಂಬುದೇ ಇದರ ದೊಡ್ಡ ಕೊರತೆ. ಅಲಗಿನ ಎರಡು ಮೂಲೆಗಳು ಚೂಪಾಗಿರುತ್ತವೆ, ಬಾಗಿದ ತಳದ ಮೇಲೆ ಕೈ ಕೊಂಚ ವಾಲಿದರೂ ಆ ಮೂಲೆ ಜೆಲ್‌ಕೋಟನ್ನು ಉಳುತ್ತದೆ. ಡೈಮಂಡ್ ಅರದಿಂದ ಎರಡೂ ಮೂಲೆಗಳನ್ನು ದುಂಡಗೆ ಮಾಡಿಕೊಳ್ಳಿ. ಸಾಮಾನ್ಯ ಉಕ್ಕಿನ ಅರ ಕಾರ್ಬೈಡಿಗೆ ತಾಗುವುದೇ ಇಲ್ಲ. ಐದು ನಿಮಿಷದ ಈ ಕೆಲಸ ಮಾಡದೆ ಬೋಟ್ ಹಾಳು ಮಾಡಿಕೊಂಡು ಉಪಕರಣವನ್ನು ಬೈಯುವವರೇ ಹೆಚ್ಚು.

ಎಳೆಯುವಾಗ ಬೋಟಿನ ಉದ್ದಕ್ಕೆ ಎಳೆಯಿರಿ, ಅಡ್ಡಕ್ಕಲ್ಲ. ಒಂದು ಸಲಕ್ಕೆ ಒಂದು ಗೇಣು ಸಾಕು. ಸ್ಪ್ರೇ ಬಾಟಲಿಯಲ್ಲಿ ನೀರು, ಅದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಮೇಲ್ಮೈಯನ್ನು ಒದ್ದೆಯಾಗಿಟ್ಟರೆ ಧೂಳು ಏಳುವುದಿಲ್ಲ, ಚೂರುಗಳು ಒದ್ದೆಯಾಗಿ ಕೆಳಗಿನ ಟಾರ್ಪಾಲಿನ ಮೇಲೆ ಬೀಳುತ್ತವೆ. ಅಲಗು ಸರಾಗವಾಗಿ ಜಾರುತ್ತ ಸಿಪ್ಪೆ ಸುಲಿದಂತೆ ಪೇಂಟ್ ಬರುತ್ತಿದ್ದರೆ ಕೋನ ಸರಿಯಿದೆ. ಕಿರ್ ಎಂದು ನಡುಗಿ ಅಲೆಅಲೆಯಾಗಿ ಗುರುತು ಬೀಳುತ್ತಿದ್ದರೆ ಹಿಡಿಯನ್ನು ತಳದ ಕಡೆಗೆ ಇನ್ನಷ್ಟು ತಗ್ಗಿಸಿ. ತಳವೂ ಪಕ್ಕವೂ ಸೇರುವ ಚೈನ್ ಅಂಚು, ತಳದ ಉದ್ದಕ್ಕೂ ಉಬ್ಬಿರುವ ಸ್ಟ್ರೇಕ್ ಪಟ್ಟಿಗಳ ಮೇಲೆ ಸ್ಕ್ರೇಪರ್ ಹಚ್ಚಬೇಡಿ. ಅಲ್ಲಿ ಜೆಲ್‌ಕೋಟ್ ತೆಳುವಾಗಿರುತ್ತದೆ, ಕೈಯಲ್ಲಿ ಉಜ್ಜುವುದೊಂದೇ ದಾರಿ.

ಗಟ್ಟಿ ಪೇಂಟಿನ ಹಲವು ಪದರ ಬಿರಿದಿದ್ದರೆ ಇದು ಅದ್ಭುತವಾಗಿ ಕೆಲಸ ಮಾಡುತ್ತದೆ. ಹೊಸದಾಗಿ, ಬಿಗಿಯಾಗಿ ಹಿಡಿದ ಒಂದೇ ಪದರ ಇದ್ದರೆ ಭುಜ ಸೋಲುತ್ತದೆ, ಅಲ್ಲಿ ಸ್ಯಾಂಡರ್ ಮೇಲು.

ಸ್ಯಾಂಡರ್ ಮತ್ತು ಜಾಲರಿ ಡಿಸ್ಕ್

6 ಇಂಚಿನ ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್, ಹೆಪಾ (ಅತಿ ಸಣ್ಣ ಧೂಳನ್ನೂ ಹಿಡಿಯುವ) ಫಿಲ್ಟರ್ ಇರುವ ವ್ಯಾಕ್ಯೂಮ್, ಮಿರ್ಕಾ ಕಂಪನಿಯ ಅಬ್ರಾನೆಟ್ ಜಾಲರಿ ಡಿಸ್ಕ್. ಈ ಜೋಡಿಗೆ ಪೂರ್ಣ ಅಂಕ. ಮಾಮೂಲಿ ಕಾಗದದ ಡಿಸ್ಕಿಗೆ ಏಳೆಂಟು ತೂತು ಇರುತ್ತವೆ, ಮೃದುವಾದ ಅಬ್ಲೇಟಿವ್ ಪೇಂಟ್ ಬಿಸಿಯಾಗಿ ತೂತುಗಳ ನಡುವಿನ ಜಾಗದಲ್ಲಿ ಮೆತ್ತಿಕೊಂಡು ಡಿಸ್ಕ್ ಕೆಲಸಕ್ಕೆ ಬಾರದಂತಾಗುತ್ತದೆ. ಜಾಲರಿಗೆ ಮೈಯೆಲ್ಲ ತೂತು, ಧೂಳು ಹುಟ್ಟಿದ ಜಾಗದಿಂದಲೇ ಎಳೆದುಹೋಗುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವೆ ತೆಳು ಪ್ರೊಟೆಕ್ಟರ್ ಹಾಕದಿದ್ದರೆ ಜಾಲರಿ ಪ್ಯಾಡಿನ ಕೊಕ್ಕೆಗಳನ್ನು ತಿಂದುಹಾಕುತ್ತದೆ ಎಂಬುದನ್ನು ಮರೆಯಬೇಡಿ.

80 ಗ್ರಿಟ್‌ನಿಂದ ಆರಂಭಿಸಿ. ಬೇಗ ಮುಗಿಯಲೆಂದು 40 ಹಾಕಿದರೆ ಅದರ ಗೀರು ತೆಗೆಯಲು ಪೇಂಟ್ ತೆಗೆದದ್ದಕ್ಕಿಂತ ಹೆಚ್ಚು ಹೊತ್ತು ಬೇಕು. ಹೊಸ ಜೆಲ್‌ಕೋಟಿನ ದಪ್ಪವೇ ಸುಮಾರು ಅರ್ಧ ಮಿ.ಮೀ., ಹಿಂದಿನವರು ಪೇಂಟ್ ಹಿಡಿಯಲೆಂದು ಅದನ್ನು ಒಮ್ಮೆ ಉಜ್ಜಿರುತ್ತಾರೆ, ಉಳಿದದ್ದು ಇನ್ನೂ ಕಡಿಮೆ. ಸ್ಯಾಂಡರನ್ನು ಚಪ್ಪಟೆಯಾಗಿ, ಅದರ ಭಾರದಷ್ಟೇ ಒತ್ತಡದಲ್ಲಿ ನಡೆಸಿ. ಅಂಚು ಎತ್ತಿ ಒಂದೇ ಕಡೆ ಒತ್ತಿದರೆ ಬಟ್ಟಲಿನಂತೆ ಗುಳಿ ಬೀಳುತ್ತದೆ. ಪೇಂಟಿನ ನೆರಳು ಮಾತ್ರ ಉಳಿದಾಗ 120ಕ್ಕೆ ಬದಲಿಸಿ. ಆಂಗಲ್ ಗ್ರೈಂಡರ್, ಬೆಲ್ಟ್ ಸ್ಯಾಂಡರ್ ಈ ಕೆಲಸಕ್ಕೆ ಹೇಳಿದ್ದಲ್ಲ.

ಮುಖಕ್ಕೆ ಬಟ್ಟೆ ಮಾಸ್ಕ್ ಸಾಲದು. ಪಿ100 ದರ್ಜೆಯ ಧೂಳು ಫಿಲ್ಟರ್ ಇರುವ, ಮೂಗು ಬಾಯಿ ಮುಚ್ಚುವ ಹಾಫ್ ಫೇಸ್ ರೆಸ್ಪಿರೇಟರ್ ಬೇಕು. 3ಎಂ ಕಂಪನಿಯ ಗುಲಾಬಿ ಬಣ್ಣದ 2091 ಫಿಲ್ಟರ್ ಧೂಳಿಗೆ ಸಾಕು, ಥಿನ್ನರ್ ಅಥವಾ ರಿಮೂವರ್ ಬಳಸುವಾಗ ಆವಿಯನ್ನೂ ತಡೆಯುವ 60923 ಕಾರ್ಟ್ರಿಜ್ ಹಾಕಿ. ಗಡ್ಡವಿದ್ದರೆ ಮುಖಕ್ಕೆ ಬಿಗಿ ಕೂರುವುದಿಲ್ಲ. ಕೆಳಗೆ ಮಲಗಿ ಮೇಲೆ ನೋಡುತ್ತ ಕೆಲಸ ಮಾಡುವುದರಿಂದ ಸುತ್ತಲೂ ಮುಚ್ಚುವ ಕನ್ನಡಕವೂ ಬೇಕು.

ಪೇಂಟ್ ರಿಮೂವರ್‌ಗಳು

ಒಂದು ಕಾಲದಲ್ಲಿ ಮೆಥಿಲೀನ್ ಕ್ಲೋರೈಡ್ ಬೆರೆತ ರಿಮೂವರ್ ಹಚ್ಚಿದರೆ ನಿಮಿಷಗಳಲ್ಲಿ ಪೇಂಟ್ ಗುಳ್ಳೆ ಏಳುತ್ತಿತ್ತು. ಅದರ ಆವಿಗೆ ಜನ ಸತ್ತಿದ್ದಾರೆ. ಸಾಮಾನ್ಯ ಗ್ರಾಹಕರಿಗೆ ಅದನ್ನು ಮಾರುವುದನ್ನು ಅಮೆರಿಕದ ಪರಿಸರ ಸಂಸ್ಥೆ 2019ರಲ್ಲಿ ನಿಷೇಧಿಸಿತು. ಯಾರದ್ದೋ ಗ್ಯಾರೇಜಿನ ಹಳೆ ಡಬ್ಬ ಸಿಕ್ಕಿತೆಂದು ಬಳಸಬೇಡಿ, ಅದು ಜೆಲ್‌ಕೋಟನ್ನೂ ಮೆತ್ತಗೆ ಮಾಡುತ್ತದೆ. ಮನೆಯ ಗೋಡೆ, ಕಾರಿನ ಪೇಂಟಿಗೆಂದು ಮಾರುವ ರಿಮೂವರ್‌ಗಳಿಗೂ ಇದೇ ಮಾತು. ಡಬ್ಬದ ಮೇಲೆ ಫೈಬರ್‌ಗ್ಲಾಸ್ ಬೋಟಿಗೆ ಸರಿ ಎಂದು ಸ್ಪಷ್ಟವಾಗಿ ಬರೆದಿರದಿದ್ದರೆ ಕೊಳ್ಳಬೇಡಿ.

ಈಗ ಸಿಗುವವು ಮೆಲ್ಲಗೆ ಕೆಲಸ ಮಾಡುತ್ತವೆ. ಡ್ಯುಮಾಂಡ್ ಕಂಪನಿಯ ಪೀಲ್ ಅವೇ ಶ್ರೇಣಿಯಲ್ಲಿ ಬೋಟಿಗೆಂದೇ ಇರುವ ಮರೀನ್ ಸ್ಟ್ರಿಪ್ಪರ್ ದಪ್ಪ ಪೇಸ್ಟಿನಂತಿರುತ್ತದೆ, ಮೇಲೆ ಅದರದೇ ಕಾಗದ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಅದೇ ಹೆಸರಿನ ಪೀಲ್ ಅವೇ 1 ಕಾಸ್ಟಿಕ್ (ತೀವ್ರ ಕ್ಷಾರ) ಆಧಾರಿತ, ಮನೆಯ ಹಳೆ ಪೇಂಟಿಗೆ ಮಾಡಿದ್ದು. ಹೆಸರು ನೋಡಿ ಅದನ್ನು ತಂದುಬಿಡಬೇಡಿ, ಪ್ರೊಪೆಲ್ಲರ್ ಹೊತ್ತ ಅಲ್ಯುಮಿನಿಯಂ ಡ್ರೈವ್ ಇರುವ ಬೋಟಿನ ಹತ್ತಿರಕ್ಕೂ ಅದು ಬರಬಾರದು. ಫ್ರಾನ್‌ಮಾರ್ ಕಂಪನಿಯ ಸೋಯಾ ಆಧಾರಿತ ರಿಮೂವರ್ ವಾಸನೆಯಲ್ಲಿ ಎಲ್ಲಕ್ಕಿಂತ ಸೌಮ್ಯ, ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತದೆ. ಕೆಲಸ ಮುಗಿದ ಮೇಲೆ ಜಿಡ್ಡು ಉಳಿಸುವುದು ಅದರ ದೋಷ. ಆ ಜಿಡ್ಡನ್ನು ಪೂರ್ತಿ ತೊಳೆಯದೆ ಎಪಾಕ್ಸಿ ಬಳಿದರೆ ಮೀನಿನ ಕಣ್ಣಿನಂಥ ವೃತ್ತಗಳು ಎದ್ದು ಪೇಂಟ್ ಹಿಡಿಯುವುದೇ ಇಲ್ಲ.

ಕೊಳ್ಳುವ ಮುಂಚೆ ಅಳತೆ ಹಾಕಿ. ಬೋಟಿನ ಉದ್ದವನ್ನು ಅಗಲದಿಂದಲೂ ಆಮೇಲೆ 0.85ರಿಂದಲೂ ಗುಣಿಸಿದರೆ ತಳದ ವಿಸ್ತೀರ್ಣ ಅಂದಾಜು ಸಿಗುತ್ತದೆ. 19 ಅಡಿ ಉದ್ದ, 7.5 ಅಡಿ ಅಗಲದ ಬೋಟಿಗೆ ಅದು ಸುಮಾರು 121 ಚದರ ಅಡಿ, ಅಂದರೆ 11 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ರಿಮೂವರ್ 1.5 ಮಿ.ಮೀ. ದಪ್ಪಕ್ಕೆ ನಿಲ್ಲಬೇಕೆಂದರೆ 17 ಲೀಟರ್, ಸುಮಾರು ನಾಲ್ಕೂವರೆ ಗ್ಯಾಲನ್ ಬೇಕು. ಅದೂ ಒಂದೇ ಸುತ್ತಿಗೆ. ದಪ್ಪ ಪದರಗಳಿಗೆ ಎರಡನೇ ಸುತ್ತೂ ಬೇಕಾಗಬಹುದು. ಒಂದು ಗ್ಯಾಲನ್ ತಂದು ಇಡೀ ತಳಕ್ಕೆ ತೆಳ್ಳಗೆ ಸವರಿದವರಿಗೆ ಏನೂ ಕೆಲಸ ಮಾಡಲಿಲ್ಲವೆಂದು ಅನ್ನಿಸುವುದು ಸಹಜ, ಏಕೆಂದರೆ ತೆಳು ಪದರ ಪೇಂಟನ್ನು ನೆನೆಸುವ ಮೊದಲೇ ಒಣಗುತ್ತದೆ.

ಮೊದಲು ಒಂದು ಚದರ ಅಡಿಯಲ್ಲಿ ಪರೀಕ್ಷಿಸಿ. 1 ಗಂಟೆ, 2 ಗಂಟೆ, 4 ಗಂಟೆ, ಮರುದಿನ ಬೆಳಿಗ್ಗೆ ಹೀಗೆ ಒಂದೊಂದು ಮೂಲೆಯನ್ನು ಪ್ಲಾಸ್ಟಿಕ್ ಅಲಗಿನಿಂದ ಕೆರೆದು ನೋಡಿದರೆ ನಿಮ್ಮ ಪೇಂಟಿಗೆ ಎಷ್ಟು ಹೊತ್ತು ಬೇಕೆಂದು ತಿಳಿಯುತ್ತದೆ. ಒಂದೇ ದಿಕ್ಕಿಗೆ ಹಚ್ಚಿ, ಬ್ರಷ್ ಹಿಂದೆಮುಂದೆ ಆಡಿಸಬೇಡಿ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಒಣಗುವುದೂ ಇಲ್ಲ, ತಲೆಕೆಳಗಾದ ಮೇಲ್ಮೈಯಿಂದ ಜಾರಿ ಬೀಳುವುದೂ ಇಲ್ಲ. ಚಳಿಯಲ್ಲಿ, 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಇವು ತೀರ ನಿಧಾನ. ವಾಟರ್‌ಲೈನಿನ (ಬೋಟ್ ತೇಲುವಾಗ ನೀರು ಮುಟ್ಟುವ ಗೆರೆ) ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಹಾಕಿ. ಟ್ರೇಲರಿನ ಟೈರು, ಬ್ರೇಕು, ಬಂಕ್ ಕಾರ್ಪೆಟ್ಟಿಗೆ ಪ್ಲಾಸ್ಟಿಕ್ ಹೊದಿಸಿ. ನೀರಿನ ಆಳ ಅಳೆಯುವ ಡೆಪ್ತ್ ಫೈಂಡರಿನ ಟ್ರಾನ್ಸ್‌ಡ್ಯೂಸರ್ (ಸಂವೇದಕ), ಪ್ಲಾಸ್ಟಿಕ್ ಥ್ರೂ ಹಲ್‌ಗಳಿಗೆ (ಬೋಟಿನ ಮೈಯಲ್ಲಿ ನೀರಿನ ತೂತುಗಳ ಜೋಡಣೆ) ರಿಮೂವರಾಗಲಿ ಅಸಿಟೋನಾಗಲಿ ತಾಗಬಾರದು, ತಾಗಿದರೆ ಪ್ಲಾಸ್ಟಿಕ್ ಬಿರಿಯಬಹುದು.

ರಿಮೂವರಿಗೆ ತಕ್ಕ ಜಾಗ ಒಂದೇ: ಜೆಲ್‌ಕೋಟ್ ಚೆನ್ನಾಗಿರುವ ನಂಬಿಕೆಯಿದ್ದು, ಅದನ್ನು ಮತ್ತೆ ಹೊಳಪಿಗೆ ತರುವ ಆಸೆ ಇದ್ದಾಗ. ಮೇಲೆ ಮತ್ತೆ ಪೇಂಟ್ ಬಳಿಯುವುದೇ ಆದರೆ ಅಷ್ಟು ದುಡ್ಡು, ಅಷ್ಟು ಗಲೀಜು ಬೇಕಾಗಿಲ್ಲ. ಹೀಟ್ ಗನ್ ಬಗ್ಗೆ ಕೇಳುವವರಿದ್ದಾರೆ, ಬೇಡ. ಬಿಸಿಗೆ ವಿಷದ ಹೊಗೆ ಏಳುತ್ತದೆ, ಜೆಲ್‌ಕೋಟಿಗೂ ಗುಳ್ಳೆ ಬೀಳುತ್ತದೆ.

ಸೋಡಾ ಬ್ಲಾಸ್ಟಿಂಗ್ ಸೇವೆ

ಅಡುಗೆ ಸೋಡಾದ ಹರಳನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಪೇಂಟ್ ತೆಗೆಯುವುದು. ಪಳಗಿದ ಕೈಯಾದರೆ ಒಂದು ದಿನದಲ್ಲಿ ಇಡೀ ತಳ ಬೆಳ್ಳಗಾಗುತ್ತದೆ, ಜೆಲ್‌ಕೋಟಿಗೆ ಹೆಚ್ಚು ಪೆಟ್ಟಾಗುವುದಿಲ್ಲ. ಪಳಗದ ಕೈಯಾದರೆ ನಳಿಕೆ ಒಂದೇ ಕಡೆ ನಿಂತು ಜೆಲ್‌ಕೋಟನ್ನು ತೂತು ಮಾಡುತ್ತದೆ. ಒಪ್ಪಿಸುವ ಮುಂಚೆ ಕೇಳಬೇಕಾದ್ದಿಷ್ಟು: ಹೊಡೆಯುವುದು ಸೋಡಾವೋ ಗಾಜಿನ ಪುಡಿಯೋ? ಗಾಜು ಹೆಚ್ಚು ಒರಟು, ಮೇಲೆ ಎಪಾಕ್ಸಿ ಬಳಿಯುವುದಿದ್ದರೆ ಸರಿ, ಹೊಳಪು ಬೇಕಿದ್ದರೆ ಸರಿಯಲ್ಲ. ಸುತ್ತ ಟೆಂಟ್ ಕಟ್ಟುತ್ತಾರೆಯೇ? ಉದುರಿದ ತಾಮ್ರದ ಕಸವನ್ನು ಯಾರು ಒಯ್ಯುತ್ತಾರೆ? ಟ್ರೇಲರಿನ ಹಬ್, ಬೇರಿಂಗ್ ಮುಚ್ಚುತ್ತಾರೆಯೇ? ಕೊನೆಯದಾಗಿ, ಸೋಡಾ ಕ್ಷಾರೀಯ, ಅದರ ಪುಡಿ ಉಳಿದರೆ ಮುಂದಿನ ಪೇಂಟ್ ಕೈಕೊಡುತ್ತದೆ, ಹಾಗಾಗಿ ಧಾರಾಳ ನೀರಿನಲ್ಲಿ ತೊಳೆಯುವುದು ದರದಲ್ಲಿ ಸೇರಿದೆಯೇ? 20 ಅಡಿಯೊಳಗಿನ ಬೋಟಿಗೆ ಈ ಸೇವೆ ದುಬಾರಿಯೇ. ಹತ್ತು ಹನ್ನೆರಡು ಪದರ ಇದ್ದರೆ, ಅಥವಾ ಕೆಳಗೆ ಮಲಗಿ ದುಡಿಯಲು ಮೈ ಒಪ್ಪದಿದ್ದರೆ ಮಾತ್ರ ಯೋಗ್ಯ.

ಬಂಕ್ ಹಲಗೆಯ ಕೆಳಗಿನ ಜಾಗ

ಟ್ರೇಲರ್ ಬೋಟಿನ ನಿಜವಾದ ತಲೆನೋವು ಇದು. ತಳದ ಎರಡು ಉದ್ದ ಪಟ್ಟಿಗಳು ಬಂಕ್ ಹಲಗೆಯ ಮೇಲೆ ಕೂತಿರುತ್ತವೆ, ಅಲ್ಲಿಗೆ ಕೈ ಹೋಗುವುದಿಲ್ಲ. ಮೊದಲು ಬ್ಯಾಟರಿ, ಇಂಧನ, ಲಂಗರು ಎಲ್ಲ ಇಳಿಸಿ. ಗಟ್ಟಿ ಸಮನೆಲದಲ್ಲಿ ಚಕ್ರಗಳಿಗೆ ಎರಡೂ ಕಡೆ ಅಡ್ಡ ಇಡಿ. ಟ್ರೇಲರಿನ ಮೂತಿಯನ್ನು ಜ್ಯಾಕಿನಿಂದ ಪೂರ್ತಿ ತಗ್ಗಿಸಿದರೆ ಹಿಂಭಾಗ ಏಳುತ್ತದೆ. ಆಗ ಟ್ರಾನ್ಸಮ್‌ನ ಎರಡು ಮೂಲೆಗಳ ಕೆಳಗೆ, ಒಳಗಿನ ಸ್ಟ್ರಿಂಗರ್ (ಉದ್ದಕ್ಕೂ ಹೋಗುವ ಆಧಾರ ತೊಲೆ) ಬರುವ ಜಾಗಕ್ಕೆ, ಅಡ್ಡಡ್ಡ ಪೇರಿಸಿದ ಮರದ ದಿಮ್ಮಿ ಇಟ್ಟು ಮೇಲೆ ಪ್ಲೈವುಡ್, ಕಾರ್ಪೆಟ್ ತುಂಡು ಹಾಕಿ. ಈಗ ಮೂತಿಯನ್ನು ಮೆಲ್ಲಗೆ ಎತ್ತಿದರೆ ಟ್ರೇಲರಿನ ಹಿಂಭಾಗ ಕೆಳಗಿಳಿದು ಬೋಟ್ ದಿಮ್ಮಿಯ ಮೇಲೆ ಕೂರುತ್ತದೆ, ಬಂಕಿಗೂ ತಳಕ್ಕೂ ನಡುವೆ ಕೈ ಆಡಿಸುವಷ್ಟು ಸಂದು ಬೀಳುತ್ತದೆ. ಮುಂಭಾಗದ ಸ್ಟ್ರ್ಯಾಪ್ ಬಿಚ್ಚಬಾರದು. ಸ್ಟ್ರೇಕ್ ಅಂಚಿಗೆ ಭಾರ ಬೀಳಬಾರದು. ಮುಂಭಾಗಕ್ಕೂ ಹೀಗೇ ಬೋಟಿನ ಮೂತಿಯ ಹತ್ತಿರ ಆಧಾರ ಕೊಟ್ಟು ಟ್ರೇಲರ್ ಮೂತಿ ತಗ್ಗಿಸಬಹುದು, ಆದರೆ ಎರಡೂ ಕಡೆ ಒಟ್ಟಿಗೆ ಬೇಡ. ಬೋಟ್ ಸ್ಟ್ಯಾಂಡ್ ಬಳಸುವುದಿದ್ದರೆ ಎದುರುಬದುರಿನ ಜೋಡಿಗಳನ್ನು ಸರಪಳಿಯಿಂದ ಕಟ್ಟಿ, ಕೀಲ್‌ನ (ತಳದ ನಡುವಿನ ಬೆನ್ನುಮೂಳೆಯಂಥ ಅಂಚು) ಕೆಳಗೆ ದಿಮ್ಮಿ ಇಟ್ಟು ಭಾರವನ್ನು ಅದರ ಮೇಲೆ ಬಿಡಿ. ಹೈಡ್ರಾಲಿಕ್ ಜ್ಯಾಕೊಂದನ್ನೇ ನಂಬಿ ಬೋಟಿನ ಕೆಳಗೆ ತೆವಳುವುದು ಜೀವದ ಜತೆ ಆಟ.

ತೆಗೆದ ಮೇಲೆ ಏನು ಬಳಿಯಬೇಕು

ಜೆಲ್‌ಕೋಟ್ ಗಟ್ಟಿಮುಟ್ಟಾಗಿದ್ದರೆ 220, 320, 400, 600, 800, 1000 ಹೀಗೆ ನೀರು ಹಾಕಿ ಉಜ್ಜಿ, ಪಾಲಿಶ್ ಕಾಂಪೌಂಡ್ ಹಚ್ಚಿ, ವ್ಯಾಕ್ಸ್ ಹಾಕಿದರೆ ಸಾಕು. ಆದರೆ ಕಾರಿನಂಥ ಹೊಳಪು ನಿರೀಕ್ಷಿಸಬೇಡಿ. ಮೊದಲ ಸಲ ಪೇಂಟ್ ಬಳಿಯುವ ಮುಂಚೆ ಯಾರೋ 80 ಗ್ರಿಟ್‌ನಲ್ಲಿ ಉಜ್ಜಿದ ಗೀರುಗಳು ಕೆಳಗೆ ಕಾದಿರುತ್ತವೆ. ಎಲ್ಲ ಗೀರು ಹೋಗುವ ತನಕ ಉಜ್ಜಿದರೆ ಜೆಲ್‌ಕೋಟೇ ಮುಗಿದುಹೋಗುತ್ತದೆ.

ಅಲ್ಲಲ್ಲಿ ಗಾಜಿನ ನಾರು ಕಂಡಿದ್ದರೆ ಬ್ಯಾರಿಯರ್ ಕೋಟ್ ಹಾಕಲೇಬೇಕು. ಸಣ್ಣ ಗುಳಿಗಳಿಗೆ ವೆಸ್ಟ್ ಸಿಸ್ಟಮ್ ಎಂಬ ಎಪಾಕ್ಸಿ ಬ್ರ್ಯಾಂಡಿನ 105 ರೆಸಿನ್, 205 ಹಾರ್ಡನರ್ 5ಕ್ಕೆ 1ರಂತೆ ಬೆರೆಸಿ 406 ಸಿಲಿಕಾ ಪುಡಿ ಸೇರಿಸಿ ತುಂಬಿ. ಗಟ್ಟಿಯಾದ ಮೇಲೆ ಮೇಲ್ಮೈಗೆ ಬರುವ ಮೇಣದಂಥ ಜಿಡ್ಡನ್ನು ನೀರು, ಸ್ಕಾಚ್ ಬ್ರೈಟ್‌ನಿಂದ ಮೊದಲು ತೊಳೆದು ಆಮೇಲೆ ಉಜ್ಜಿ. ಅನಂತರ ಬ್ಯಾರಿಯರ್ ಕೋಟ್ ಆಗಿ ಇಂಟರ್‌ಪ್ರೊಟೆಕ್ಟ್ 2000ಇ. ಅಳತೆಯಲ್ಲಿ 3 ಪಾಲು ಬೇಸ್‌ಗೆ (ಮುಖ್ಯ ಪೇಂಟ್) 1 ಪಾಲು ಕ್ಯೂರಿಂಗ್ ಏಜೆಂಟ್ (ಗಟ್ಟಿಯಾಗಿಸುವ ದ್ರವ), ಬೆರೆಸಿ 20 ನಿಮಿಷ ಬಿಟ್ಟು ಬಳಿಯಬೇಕು. ಒಣಗಿದ ಪದರ 10 ಮಿಲ್, ಅಂದರೆ ಕಾಲು ಮಿ.ಮೀ. ದಪ್ಪ ಬರಬೇಕು, ಅದಕ್ಕೆ ರೋಲರಿನಲ್ಲಿ ನಾಲ್ಕೈದು ಕೋಟ್ ಬೇಕು. ಬೂದು, ಬಿಳಿ ಬದಲಿಸುತ್ತ ಬಳಿದರೆ ಎಲ್ಲಿ ಬಿಟ್ಟುಹೋಗಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ.

ರಜೆಯಲ್ಲಿ ವಾರಗಟ್ಟಲೆ ನೀರಿನಲ್ಲೇ ಬಿಡುವ ಯೋಚನೆಯಿದ್ದರೆ ಮಾತ್ರ ಮತ್ತೆ ಆಂಟಿಫೌಲಿಂಗ್ ಬಳಿಯಿರಿ. ಆಗಲೂ ನೀರಿನಿಂದ ತೆಗೆದು ಮತ್ತೆ ಇಳಿಸಿದರೂ ಗುಣ ಕಳೆಯದ ಮೈಕ್ರಾನ್ ಸಿಎಸ್‌ಸಿ ಥರದ್ದೇ ಇರಲಿ, ಗಟ್ಟಿ ತಾಮ್ರದ ಪೇಂಟ್ ಗಾಳಿಗೆ ಬಿಟ್ಟರೆ ಶಕ್ತಿ ಕುಂದುತ್ತದೆ. ಹಳೆ ಅಬ್ಲೇಟಿವ್ ಮೇಲೆ ಗಟ್ಟಿ ಪೇಂಟ್ ಬಳಿಯಬೇಡಿ, ಮೃದು ತಳಹದಿಯ ಮೇಲೆ ಅದು ಬಿರಿಯುತ್ತದೆ. ಅಲ್ಯುಮಿನಿಯಂ ಬೋಟಿಗಂತೂ ತಾಮ್ರದ ಆಕ್ಸೈಡ್ ಪೇಂಟ್ ಹತ್ತಿರ ಸುಳಿಯಬಾರದು, ಎರಡು ಲೋಹಗಳ ನಡುವಿನ ವಿದ್ಯುತ್ ಕ್ರಿಯೆಯಿಂದ ಬೋಟಿನ ಮೈಯೇ ತೂತಾಗುತ್ತದೆ. ಅದಕ್ಕೆ ಟ್ರೈಲಕ್ಸ್ 33ರಂಥದ್ದು ಇದೆ. ಕ್ಯಾಲಿಫೋರ್ನಿಯಾದಲ್ಲಿರುವವರು ಡಬ್ಬ ಕೊಳ್ಳುವಾಗ ಆ ರಾಜ್ಯದಲ್ಲಿ ನೋಂದಾಯಿಸಿದ್ದೇ ಎಂದು ನೋಡಿಕೊಳ್ಳಿ: ದಿನಕ್ಕೆ ಚದರ ಸೆಂಟಿಮೀಟರಿಗೆ 9.5 ಮೈಕ್ರೋಗ್ರಾಂಗಿಂತ ಹೆಚ್ಚು ತಾಮ್ರ ಸೋರುವ ಪೇಂಟಿಗೆ ಅಲ್ಲಿ 2018ರ ಜುಲೈನಿಂದ ಅವಕಾಶವಿಲ್ಲ.

ಕೆರೆದ ಚೂರು, ವ್ಯಾಕ್ಯೂಮ್ ಚೀಲ, ಬಟ್ಟೆ, ರಿಮೂವರಿನ ಕೆಸರು ಎಲ್ಲವನ್ನೂ ಟಾರ್ಪಾಲಿನೊಂದಿಗೆ ಸುತ್ತಿ ಕೌಂಟಿಯ (ಅಮೆರಿಕದ ಜಿಲ್ಲೆ) ಅಪಾಯಕಾರಿ ಕಸದ ಕೇಂದ್ರಕ್ಕೆ ಒಯ್ಯಿರಿ. ಡ್ರೈವ್‌ವೇಯಲ್ಲಿ ಪ್ರೆಷರ್ ವಾಷರ್ ಹಿಡಿದು ಬೀದಿ ಚರಂಡಿಗೆ ಬಿಡುವಂತಿಲ್ಲ, ಆ ನೀರು ನೇರ ಹೊಳೆಗೆ ಹೋಗುತ್ತದೆ. ಬೋಟನ್ನು ಮತ್ತೆ ಟ್ರೇಲರಿನ ಮೇಲೆ ಕೂರಿಸುವ ಮುಂಚೆ ಬಂಕಿನ ಹಳೆ ಕಾರ್ಪೆಟ್ ಕಿತ್ತುಹಾಕಿ ಹೊಸದು ಹೊಡೆಯಿರಿ. ಹಳೆಯದರಲ್ಲಿ ತಾಮ್ರದ ಪುಡಿಯೂ ಮರಳೂ ತುಂಬಿರುತ್ತವೆ, ಹೊಸ ತಳವನ್ನು ಮೊದಲ ಸವಾರಿಯಲ್ಲೇ ಉಜ್ಜಿಬಿಡುತ್ತವೆ. ಸ್ಟೇಪಲ್‌ಗಳು ಸ್ಟೇನ್‌ಲೆಸ್ ಆಗಿರಲಿ, ಹಲಗೆಯ ಮೇಲ್ಮುಖದಲ್ಲಿ ಒಂದೂ ಇರದಂತೆ ಪಕ್ಕಕ್ಕೂ ಕೆಳಕ್ಕೂ ಹೊಡೆಯಿರಿ.